ಭಾನುವಾರದ ಸೋಲುಗಳು

ನನ್ನ ಹಳೆಯ ಡೈರಿಯಲ್ಲಿ ಜೂನ್ ಹದಿನಾಲ್ಕು, ಭಾನುವಾರದ ಪುಟದಲ್ಲಿ ಹೀಗಿದೆ: "ಮನೆಯವರು ಬೆಳಗಿನ ಬಸ್ಸಿಗೆ ಹಿರಿಯೂರಿಗೆ ಹೋದರು. ಸಂಜೆ ಸೋತು ಬಂದರು." ಮುಂದಿನ ಭಾನುವಾರದ ಪುಟದಲ್ಲೂ ಇದೇ ಮಾತು. ಅದರ ಮುಂದಿನದರಲ್ಲಿ ಬೇಸತ್ತು "ಮೇಲಿನಂತೆ" ಎಂದಷ್ಟೇ ಬರೆದಿದ್ದೇನೆ.

ಮನೆಯವರು ಎಂದರೆ ನನ್ನ ಯಜಮಾನರು. ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಚದುರಂಗದ ಮಣೆ ಕಂಡರೆ ಊಟ, ನಿದ್ದೆ, ನೆಂಟರು ಎಲ್ಲವನ್ನೂ ಮರೆಯುವವರು. ಹಿರಿಯೂರಿನಲ್ಲಿ ಅವರಿಗೊಬ್ಬ ಗೆಳೆಯರು, ಕೊಬ್ಬರಿ ವ್ಯಾಪಾರದ ಸಾಹುಕಾರರು. ಅವರನ್ನು ಒಂದೇ ಒಂದು ಸಲ ಸೋಲಿಸಬೇಕೆಂಬುದು ನಮ್ಮವರ ಜೀವನದ ಆಸೆ. ಅದಕ್ಕಾಗಿ ಇಪ್ಪತ್ತಾರು ವರ್ಷ, ಭಾನುವಾರ ಬಂತೆಂದರೆ ಚಿತ್ರದುರ್ಗದಿಂದ ಬಸ್ಸು ಹತ್ತಿದರು. ಬಂದು ಹೇಳುವ ನಡೆಗಳನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ನಾನು ಗಣಿತದಲ್ಲಿ ಬಿ.ಎಸ್ಸಿ. ಮಾಡಿದವಳು, ನಮ್ಮ ಬೀದಿಯಿಂದ ಕಾಲೇಜಿಗೆ ಹೋದ ಮೊದಲ ಹೆಣ್ಣುಮಗಳು. ಸೋಲಾದರೂ ಸರಿ, ದಾಖಲೆ ನೆಟ್ಟಗಿರಬೇಕು.

ಕುರಿಹಟ್ಟಿಯಲ್ಲಿ

ಇವರು ಹೊಸದುರ್ಗದಲ್ಲಿ ಕೆಲಸಕ್ಕಿದ್ದಾಗಿನ ಮಾತು. ಲಸಿಕೆಯ ಪೆಟ್ಟಿಗೆಯಲ್ಲಿ ಐಸಿನ ಜೊತೆ ಮಡಚುವ ಮಣೆಯೂ ಒಂದು ಇರುತ್ತಿತ್ತು. ಒಂದು ಹಟ್ಟಿಯಲ್ಲಿ ಅರ್ಧ ಮಂದೆಗೆ ಸೂಜಿ ಚುಚ್ಚಿ, ದಣಿವಾರಿಸಿಕೊಳ್ಳಲು ಹಟ್ಟಿಯ ಯಜಮಾನನ ಜೊತೆ ಆಟಕ್ಕೆ ಕುಳಿತರು. ಅಷ್ಟರಲ್ಲಿ ಚುಚ್ಚಿಸಿಕೊಂಡ ಕುರಿಗಳೂ ಚುಚ್ಚಿಸಿಕೊಳ್ಳದ ಕುರಿಗಳೂ ಕಲೆತುಹೋದವು. ಇವರು ಸೂಜಿ ಹಿಡಿದು ಮಂದೆಯ ಸುತ್ತ ತಿರುಗತೊಡಗಿದರು.

ಹಟ್ಟಿಯ ಯಜಮಾನ ಕೂತಲ್ಲಿಂದಲೇ ಬೆರಳು ತೋರಿಸಿದ. "ಅದಕ್ಕೆ ಆಗೈತೆ. ಅದಕ್ಕೆ ಇಲ್ಲ. ಆ ಮೋಟುಕಿವಿಗೆ ಆಗೈತೆ. ಅದರ ತಂಗಿಗೆ ಇಲ್ಲ."

ಎಲ್ಲಕ್ಕೂ ಚುಚ್ಚಿ ಮುಗಿಸಿ ಇವರು ಮಣೆಯ ಮುಂದೆ ಬಂದು ಕುಳಿತು ತಲೆ ಕೆರೆದುಕೊಂಡರು. "ಈಗ ನಡೆ ಯಾರದು?"

"ಸಾಹೇಬ್ರೆ, ಇಡೀ ಮಂದೆ ಲೆಕ್ಕ ನಾನು ಇಟ್ಕಂಡೀನಿ. ಇಬ್ರ ಸರದಿ ಆದ್ರೂ ನೀವು ನೆನಪಿಟ್ಕಳ್ರಿ."

ಚಿಕ್ಕಜಾಜೂರು ಜಂಕ್ಷನ್

ಮಗಳಿಗೆ ಗಂಡು ನೋಡಲು ರೈಲಿನಲ್ಲಿ ದಾವಣಗೆರೆಗೆ ಹೊರಟಿದ್ದೆವು. ಚಿಕ್ಕಜಾಜೂರಿನಲ್ಲಿ ಇವರು ನೀರು ತರುತ್ತೇನೆಂದು ಇಳಿದರು. ನೀರಿನ ನಲ್ಲಿಯ ಪಕ್ಕದ ಬೆಂಚಿನಲ್ಲಿ ಪಾಳಿ ಮುಗಿಸಿದ್ದ ಇಬ್ಬರು ರೈಲ್ವೆಯವರು ಚದುರಂಗ ಆಡುತ್ತಿದ್ದರು. ಅಲ್ಲಿಗೆ ಮುಗಿಯಿತು. ರೈಲು ಹೊರಟಾಗ ಕಿಟಕಿಯಿಂದ ನನಗೆ ಕಂಡದ್ದು ಅವರ ಬೆನ್ನು ಮಾತ್ರ.

ದಾವಣಗೆರೆಯಲ್ಲಿ ಗಂಡಿನ ಕಡೆಯವರ ಮುಂದೆ ಒಬ್ಬಳೇ ಕುಳಿತು ಮಾತಾಡಿದೆ. ಜಾತಕ ನೋಡಿದೆ, ಹುಡುಗನ ಅಂಕಪಟ್ಟಿಯನ್ನೂ ಕೇಳಿ ನೋಡಿದೆ. ಪಾಯಸವಾಗಿ ಎಲೆ ಎತ್ತುವ ಹೊತ್ತಿಗೆ ಇವರು ಖಾಲಿ ಬಾಟಲಿ ಹಿಡಿದು ಬಂದರು. ಸಂಬಂಧವೇನೋ ಕುದುರಿತು.

ಅವತ್ತು ಬೆಂಚಿನ ಮೇಲೆ ನಡೆದದ್ದನ್ನು ಆ ರೈಲ್ವೆಯವರಲ್ಲೊಬ್ಬರು ಬಹಳ ದಿನದ ಮೇಲೆ ಸಿಕ್ಕಾಗ ಹೇಳಿದರು. "ಸಾರ್, ನಿಮ್ಮ ರೈಲು ಹೊಂಟೈತೆ" ಎಂದು ಇವರ ಭುಜ ಅಲುಗಿಸಿದರಂತೆ. ಇವರು ಮಣೆಯಿಂದ ಕಣ್ಣೆತ್ತದೆ ಅಂದರಂತೆ: "ಹೋಗ್ಲಿ ಬಿಡಪ್ಪ. ಅದರಾಗೆ ನಮ್ಮ ಮನೆಯಾಕೆ ಅವ್ಳೆ. ರೈಲನ್ನ ಜೋಪಾನವಾಗಿ ಕರ್ಕಂಡು ಹೋಗ್ತಾಳೆ."

ಹಾರಿದ ರಾಜ

ಚಿತ್ರದುರ್ಗದಲ್ಲಿ ಒಮ್ಮೆ ಪಂದ್ಯ ಏರ್ಪಾಡಾಗಿತ್ತು. ಗಡಿಯಾರ, ತೀರ್ಪುಗಾರ, ಎಲ್ಲ ಕ್ರಮದಂತೆ. ಇವರು ಇಸ್ತ್ರಿ ಅಂಗಿ ಹಾಕಿಕೊಂಡು ಹೋದರು. ನಾನು ನೋಟ್‌ಬುಕ್ ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತೆ.

ಎದುರಾಳಿ ಒಬ್ಬ ಬ್ಯಾಂಕ್ ಮ್ಯಾನೇಜರು. ಆತ ಇವರ ರಾಜನನ್ನು ಮೂಲೆಗೆ ತಳ್ಳುತ್ತ ಬಂದ. ಇನ್ನೇನು ಕತೆ ಮುಗಿಯಿತು ಅನ್ನುವಾಗ ಇವರು ರಾಜನನ್ನು ಎತ್ತಿ ಕುದುರೆಯ ಹಾಗೆ ಎರಡೂವರೆ ಮನೆ ಹಾರಿಸಿ ಕೂರಿಸಿ, ಕೈ ಒರೆಸಿಕೊಂಡರು. ಮ್ಯಾನೇಜರು ತೀರ್ಪುಗಾರರನ್ನು ಕರೆದ.

"ರಾಜ ಹಂಗೆ ಹಾರಂಗಿಲ್ಲ ಸಾರ್" ಅಂದರು ತೀರ್ಪುಗಾರರು.

"ನಮ್ಮ ಕಡೆ ಆಟಕ್ಕೆ ಒಂದ್ಸಲ ಹಾರ್ತಾನೆ. ನಮ್ಮಪ್ಪನೂ ಹಾರಿಸಿದ್ರು, ತಾತನೂ ಹಾರಿಸಿದ್ರು."

"ಯಾವ ಕಡೆ ಸಾರ್?"

"ಹೊಳಲ್ಕೆರೆ ಕಡೆ."

ತೀರ್ಪುಗಾರರು ಒಳ್ಳೆಯ ಮನುಷ್ಯ. ನಿಯಮದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಾಳ್ಮೆಯಿಂದ ತಿರುವಿ ಹಾಕಿ ಹೇಳಿದರು: "ಇದರಾಗೆ ಹೊಳಲ್ಕೆರೆ ಇಲ್ಲ ಸಾರ್."

ಕೊನೆಗೂ ಗೆದ್ದದ್ದು

ಕಳೆದ ಯುಗಾದಿ ಆದಮೇಲೆ ಇವರು ಮಂಕಾದರು. "ಸಾಯೋದ್ರೊಳಗೆ ಒಂದ್ಸಲ ಗೆಲ್ತೀನೋ ಇಲ್ವೋ" ಅಂದರು. ಇಪ್ಪತ್ತಾರು ವರ್ಷದ ನೋಟ್‌ಬುಕ್ಕುಗಳನ್ನು ಅಟ್ಟದಿಂದ ಇಳಿಸಿ ಒಂದು ವಾರ ಕುಳಿತು ಓದಿದೆ. ರೋಗ ಸಿಕ್ಕಿತು. ಆಟ ಎಷ್ಟೇ ಚೆನ್ನಾಗಿ ಸಾಗಿದ್ದರೂ, ಇವರ ಕುದುರೆಗೆ ಅಪಾಯ ಬಂತೆಂದರೆ ಮಂತ್ರಿ, ಆನೆ, ಒಂಟೆ ಎಲ್ಲವನ್ನೂ ಬಿಟ್ಟು ಅದನ್ನು ಉಳಿಸಲು ಓಡುತ್ತಿದ್ದರು. ಅದು ಸಾಹುಕಾರರಿಗೂ ಗೊತ್ತಿತ್ತು. ಪ್ರತಿ ವಾರ ಕುದುರೆಯನ್ನು ಹೆದರಿಸಿಯೇ ಗೆಲ್ಲುತ್ತಿದ್ದರು.

"ಇದು ಆಸ್ಪತ್ರೆ ಅಲ್ಲ ಕಣ್ರೀ. ಈ ಸಲ ಕುದುರೆ ಸತ್ರೆ ಸಾಯ್ಲಿ, ಸುಮ್ನೆ ಕುಂತ್ಕಳ್ರಿ" ಅಂದೆ.

ಆ ಭಾನುವಾರ ಸಂಜೆ ಇವರು ಬಸ್‌ಸ್ಟ್ಯಾಂಡಿನಿಂದ ಮನೆಗೆ ಆಟೋದಲ್ಲಿ ಬಂದರು. ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣ. ಹೊಸಿಲಲ್ಲಿ ನಿಂತು "ಕುದುರೆ ಹೋಯ್ತು, ಸಾಹುಕಾರನೂ ಹೋದ" ಅಂದರು. ಕಣ್ಣಲ್ಲಿ ನೀರಿತ್ತು. ನನಗೂ ಬಂತು. ಡೈರಿಯಲ್ಲಿ "ಗೆಲುವು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಮುಂದಿನ ಭಾನುವಾರ ಬೆಳಗ್ಗೆ ಬಾಗಿಲು ತೆಗೆದರೆ ಸಾಹುಕಾರರು ಹೆಂಡತಿಯ ಸಮೇತ ನಿಂತಿದ್ದರು. ಇಬ್ಬರು ಗೆಳೆಯರ ನಡುವೆ ಮೊದಲ ದಿನದಿಂದಲೂ ಒಂದು ಕಟ್ಟಳೆ ಇತ್ತಂತೆ: ಮುಂದಿನ ಆಟ ಗೆದ್ದವರ ಮನೆಯಲ್ಲಿ, ಊಟವೂ ಗೆದ್ದವರದೇ. ಎಲ್ಲವನ್ನೂ ಬರೆದಿಟ್ಟ ನಾನು ಇವರು ಹಿರಿಯೂರಿನಲ್ಲಿ ಊಟ ಎಲ್ಲಿ ಮಾಡುತ್ತಾರೆಂದು ಒಂದು ದಿನವೂ ಕೇಳಿರಲಿಲ್ಲ. ನಾನಾದರೋ ಭಾನುವಾರ ಒಬ್ಬಳೇ ಚಿತ್ರಾನ್ನ ಕಲಸಿಕೊಂಡು ತಿಂದು, ಪುಸ್ತಕ ಓದಿ, ನಾಲ್ಕು ಗಂಟೆಯವರೆಗೆ ಮಲಗುತ್ತಿದ್ದೆ.

ಸಾಹುಕಾರರ ಹೆಂಡತಿ ನಮ್ಮ ಮಂಚದ ಮೇಲೆ ಫ್ಯಾನಿನ ಕೆಳಗೆ ಕಾಲು ಚಾಚಿ ಕುಳಿತರು. "ಇಪ್ಪತ್ತಾರು ವರ್ಷ ನಿಮ್ಮನೆಯವ್ರಿಗೆ ಮುದ್ದೆ ತಿರುವೀನಿ ಕಣಕ್ಕ. ಭಾನುವಾರ ಅಂದ್ರೆ ಏನು ಅಂತ ನಂಗೆ ಇವತ್ತು ಗೊತ್ತಾತು."

ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ. ಒಂದೇ ವಾರ ತಾನೇ, ಸಾಹುಕಾರರು ಇವತ್ತು ಗೆಲ್ಲುತ್ತಾರೆ, ಆಟ ಮತ್ತೆ ಹಿರಿಯೂರಿಗೆ ಹೋಗುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಜಗಲಿಯಲ್ಲಿ ಆಕೆ ಗಂಡನ ಕಿವಿಯಲ್ಲಿ ಹೇಳುವುದು ಕೇಳಿಸಿತು: "ನೋಡ್ರಿ, ಗೆದ್ರೋ, ಇವತ್ತು ರಾತ್ರಿ ಕೊಬ್ಬರಿ ಚೀಲದ ಮ್ಯಾಲೆ ಮಲಗ್ರಿ."

ಅವತ್ತಿನಿಂದ ಸಾಹುಕಾರರು ಗೆದ್ದಿಲ್ಲ. ನಮ್ಮವರು ತಾವು ಅರವತ್ತೆಂಟಕ್ಕೆ ಅರಳಿದ ಪ್ರತಿಭೆ ಎಂದು ನಂಬಿ, ಓಡಾಡುವಾಗ ಕೈ ಹಿಂದೆ ಕಟ್ಟಿಕೊಳ್ಳತೊಡಗಿದ್ದಾರೆ. ನಿಜ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆ ಒಂದು ಗೆಲುವಿಗೆ ಇವತ್ತಿನವರೆಗೆ ಆದ ಖರ್ಚು ಇಷ್ಟು: ಒಂದು ಕುದುರೆ. ನನ್ನ ಹನ್ನೊಂದು ಭಾನುವಾರ, ಹನ್ನೊಂದು ಮಧ್ಯಾಹ್ನದ ನಿದ್ದೆ. ವಾರಕ್ಕೆ ನಾಲ್ಕರಂತೆ ಮುದ್ದೆ ನಲವತ್ತನಾಲ್ಕು. ಸಾಹುಕಾರರು ಸೋತ ದುಃಖಕ್ಕೆಂದು ಹಾಕಿಸಿಕೊಂಡ ಎರಡನೆಯ ಮುದ್ದೆಗಳನ್ನು ಇದರಲ್ಲಿ ಸೇರಿಸಿಲ್ಲ.