ಸಂಜೆಯೊಳಗೊಂದು ಜಗಳ

ಗುಮಾಸ್ತರ ಕಾದಂಬರಿಯಲ್ಲಿ ಎಲ್ಲವೂ ಇತ್ತು, ಜಗಳ ಒಂದು ಇರಲಿಲ್ಲ. ಆ ಒಂದು ಕೊರತೆ ತುಂಬಿಕೊಳ್ಳಲು ಹೋಗಿ ಅವರು ಪಟ್ಟ ಪಾಡು ಶತ್ರುವಿಗೂ ಬೇಡ.

ಅವರು ನೀರು ಸರಬರಾಜು ಕಚೇರಿಯ ದೂರು ವಿಭಾಗದವರು. ನಲ್ಲಿ ಒಣಗಿದೆ, ಪೈಪು ಒಡೆದಿದೆ ಎಂದು ಜನ ಬರೆದದ್ದಕ್ಕೆಲ್ಲ ‘ತಮ್ಮ ದೂರು ತಲುಪಿದೆ, ಪರಿಶೀಲಿಸಲಾಗುವುದು’ ಎಂದು ಉತ್ತರ ಕೊಡುವುದು ಅವರ ಕೆಲಸ. ಕೊಟ್ಟೂ ಕೊಟ್ಟೂ ಅದು ನಾಲಿಗೆಗೇ ಅಂಟಿಕೊಂಡು, ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಪರಿಶೀಲನೆ’ ಎಂದೇ ಕರೆಯುತ್ತಿದ್ದರು. ಇಂಥವರಿಗೆ ಪ್ರೇಮಕಾದಂಬರಿಯ ಗೀಳು ಹಿಡಿದದ್ದು ಬರೀ ಕುತೂಹಲದಿಂದ. ಹೆಂಡತಿ ಬಾಡಿಗೆ ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಮುಳುಗಿ ಒಲೆಯ ಮೇಲೆ ಹಾಲು ಉಕ್ಕಿಸುತ್ತಾಳಲ್ಲ, ಅದರಲ್ಲಿ ಅಂಥದ್ದೇನಿದೆ ಎಂದು ಒಂದು ದಿನ ಕದ್ದು ಓದಿದರು. ಓದಿದ ಮೇಲೆ, ಇದನ್ನು ಮಾಡುವುದು ಹೇಗೆ ಎಂಬ ಹುಳ ತಲೆ ಹೊಕ್ಕಿತು. ಗಡಿಯಾರ ಬಿಚ್ಚುವ ಮಕ್ಕಳ ಹಾಗೆ ಹತ್ತಾರು ಪುಸ್ತಕ ಬಿಚ್ಚಿ ನೋಡಿದರು. ನಾಯಕಿ ಯಾವಾಗ ಬರುತ್ತಾಳೆ, ಎಲ್ಲಿ ಅಳುತ್ತಾಳೆ, ಯಾರು ಮೊದಲು ಬಾಯಿ ಬಿಡುತ್ತಾರೆ ಎಂದೆಲ್ಲ ಲೆಕ್ಕ ಹಾಕಿದರು. ಆಮೇಲೆ ಊಟದ ವಿರಾಮದಲ್ಲಿ ದೂರಿನ ಫೈಲು ಅಡ್ಡ ಇಟ್ಟುಕೊಂಡು ತಾವೇ ಒಂದು ಬರೆದರು. ಮನೆಯಲ್ಲಿ ಬಾಯಿ ಬಿಡಲಿಲ್ಲ. ಅಚ್ಚಾದ ಪುಸ್ತಕವನ್ನೇ ಹೆಂಡತಿಯ ಕೈಗಿಟ್ಟು ಅವಳ ಮುಖ ನೋಡಬೇಕೆಂಬ ಆಸೆ ಅವರದು.

ತಿಂಗಳಿಗೊಂದು ಪ್ರೇಮಕಾದಂಬರಿ ಹೊರತರುವ ಪ್ರಕಾಶಕಿಯ ಕಚೇರಿ ಒಂದು ಹಾಸಿಗೆ ಅಂಗಡಿಯ ಮೇಲಿತ್ತು. ಮಾರಾಟವಾಗದ ಪುಸ್ತಕದ ಕಟ್ಟುಗಳೇ ಅಲ್ಲಿ ಬಂದವರಿಗೆ ಕುರ್ಚಿ. ಅಂಥ ಒಂದು ಕಟ್ಟಿನ ಮೇಲೆ ಆ ದಿನ ಬೆಳಿಗ್ಗೆ ಗುಮಾಸ್ತರು ಉಸಿರು ಬಿಗಿಹಿಡಿದು ಕೂತಿದ್ದರು.

“ನಿಮ್ಮ ಹುಡುಗ ಹುಡುಗಿ ಒಂದೇ ಮೇಜಿನ ಎರಡು ಡ್ರಾಯರ್ ಇದ್ದ ಹಾಗಿದ್ದಾರೆ ಕಣ್ರೀ,” ಎಂದರು ಪ್ರಕಾಶಕಿ. “ಅವರ ಪಾಡಿಗೆ ಅವರು ಒಳಗೆ ಹೋಗ್ತಾರೆ, ಹೊರಗೆ ಬರ್ತಾರೆ. ಒಂದು ಜಗಳ ಬೇಡವಾ?”

ನಾಯಕಿ ಸಿಟ್ಟಾಗುವ ಪುಟವೊಂದಿದೆ ಎಂದು ಗುಮಾಸ್ತರು ಮೆಲ್ಲನೆ ನೆನಪಿಸಿದರು. ಪ್ರಕಾಶಕಿ ಅದನ್ನು ತೆಗೆದು ಗಟ್ಟಿಯಾಗಿ ಓದಿದರು. ‘ಈ ವಿಷಯದಲ್ಲಿ ನನಗೆ ತೀವ್ರ ಅಸಮಾಧಾನವಿರುತ್ತದೆ’ ಎಂದಿದ್ದಳು ನಾಯಕಿ. ಬರೆಯುವಾಗ, ಪಾಪ ಹುಡುಗನಿಗೆ ಇಷ್ಟು ಕಟುವಾಗಿ ಹೇಳಿಸಬೇಕೇ ಎಂದು ಗುಮಾಸ್ತರು ಎರಡು ದಿನ ಯೋಚಿಸಿದ್ದ ಮಾತದು.

ಪ್ರಕಾಶಕಿ ಅವರಿಗೆ ವ್ಯಾಪಾರದ ಗುಟ್ಟು ಬಿಡಿಸಿ ಹೇಳಿದರು. ಓದುಗರು ಬರುವುದೇ ಕಣ್ಣೀರಿಗೆ, ಆಮೇಲೆ ಅದನ್ನು ಯಾರಾದರೂ ಒರೆಸುವುದಕ್ಕೆ. ಜಗಳವಿಲ್ಲದ ಮದುವೆಗೆ ಬೆಲೆಯಿಲ್ಲ. ಲೈಬ್ರರಿಯವರು ಪುಸ್ತಕ ಕೊಳ್ಳುವ ಮೊದಲು ಕೊನೆಯ ಕಾಲುಭಾಗ ತೆರೆದು, ಅಲ್ಲಿ ಬಾಗಿಲು ಬಡಿಯುವ ಸದ್ದು ಕೇಳಿಸುತ್ತದೆಯೇ ಎಂದು ನೋಡುತ್ತಾರೆ. ಈ ತಿಂಗಳು ಬರೆಯಬೇಕಿದ್ದ ಖಾಯಂ ಲೇಖಕಿ ಬಚ್ಚಲಲ್ಲಿ ಜಾರಿ ಬಿದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರಿಂದ ಜಾಗ ಖಾಲಿ ಇದೆ. ಪ್ರೆಸ್ಸಿಗೆ ಇವತ್ತೇ ಕೊಡಬೇಕು.

“ಸಂಜೆಯೊಳಗೆ ಒಂದು ಒಳ್ಳೆ ಜಗಳ, ಅದರ ಹಿಂದೇನೇ ಒಂದು ಒಳ್ಳೆ ರಾಜಿ. ಎರಡೂ ತಂದ್ಕೊಡಿ, ಪುಸ್ತಕ ನಿಮ್ಮದು.”

ಗುಮಾಸ್ತರು ಕಚೇರಿಗೆ ಬಂದು ಕೂತರು. ಜಗಳಕ್ಕೇನೂ ಅವರಿಗೆ ಬರವಿರಲಿಲ್ಲ, ಮೇಜಿನ ಮೇಲೆ ರಾಶಿ ಬಿದ್ದಿತ್ತು. ಇದ್ದುದರಲ್ಲಿ ಖಾರವಾದ ಒಂದು ದೂರನ್ನು ಆರಿಸಿ ನಾಯಕಿಯ ಬಾಯಿಗೆ ತುರುಕಿ ನೋಡಿದರು. ‘ವಾರಕ್ಕೆರಡು ಸಲ ಬರುತ್ತೇನೆಂದು ಹೇಳಿ ಒಂದು ಸಲವೂ ಬರುವುದಿಲ್ಲ, ಬಂದರೂ ಮೇಲಿನ ಮಹಡಿಯವರೆಗೆ ಏರುವುದಿಲ್ಲ’ ಎಂದಳು ನಾಯಕಿ. ಗುಮಾಸ್ತರಿಗೇ ನಾಚಿಕೆಯಾಗಿ ಹೊಡೆದು ಹಾಕಿದರು.

ನಿಜ ಹೇಳಬೇಕೆಂದರೆ ಅವರು ಹೆಂಡತಿಯೊಡನೆ ಒಂದು ದಿನವೂ ಜಗಳವಾಡಿದವರಲ್ಲ. ಅವಳು ಏನೇ ಹೇಳಲಿ, ‘ಹೂಂ’, ‘ಆಗಲಿ’, ‘ನೋಡೋಣ’ ಎಂದು ಮುಗಿಸುತ್ತಿದ್ದರು. ಹಾಗಾದರೆ ತನ್ನನ್ನು ಪ್ರೀತಿಸುವ ಹೆಂಗಸು ತನ್ನ ಮೇಲೇ ಸಿಟ್ಟಾದಾಗ ಹೇಗೆ ಕಾಣುತ್ತಾಳೆ, ಏನು ಮಾತಾಡುತ್ತಾಳೆ? ಈ ಪ್ರಶ್ನೆ ಎದ್ದದ್ದೇ ತಡ, ಕಾದಂಬರಿಯ ಚಿಂತೆಯನ್ನೂ ಮೀರಿ ಅವರಿಗೆ ಕುತೂಹಲ ಕೆರಳಿತು. ಮನೆಗೆ ಹೋಗಿ ಒಂದು ಜಗಳ ಹಚ್ಚಿಯೇ ನೋಡುವುದೆಂದು ನಿಶ್ಚಯಿಸಿದರು. ಹಚ್ಚುವ ಬಗೆ ಗೊತ್ತಿಲ್ಲದ್ದರಿಂದ ಪಕ್ಕದ ಮೇಜಿನ ಮೀಟರ್ ರೀಡರನ್ನು ಕೇಳಿದರು. ಹೆಂಡತಿ ತಿಂಗಳಿಗೊಮ್ಮೆ ತವರಿಗೆ ಹೋಗಿಬಿಡುತ್ತಿದ್ದ ಆತ ಈ ವಿದ್ಯೆಯಲ್ಲಿ ಪಳಗಿದ ಕೈ. ಮೊದಲು ಊಟದಲ್ಲಿ ಉಪ್ಪಿಲ್ಲ ಅನ್ನಿ ಎಂದ. ಅದು ನಾಟದಿದ್ದರೆ ಅವಳ ವಸ್ತುವೊಂದಕ್ಕೆ ಕೈ ಹಾಕಿ. ಅದೂ ಆಗದಿದ್ದರೆ, “ಥೇಟ್ ನಿಮ್ಮಮ್ಮನ ಥರಾನೇ ಆಡ್ತೀಯ ಅನ್ನಿ ಸಾರ್. ಬ್ರಹ್ಮಾಸ್ತ್ರ ಅದು. ಅಂದ ತಕ್ಷಣ ಬಾಗಿಲ ಹತ್ತಿರ ನಿಂತಿರಿ.”

ಅರ್ಧ ದಿನದ ರಜೆ ಹಾಕಿ ಗುಮಾಸ್ತರು ಮಧ್ಯಾಹ್ನವೇ ಮನೆಗೆ ಬಂದರು. ಹೆಂಡತಿ ಸೌಟು ಒಂದು ಕೈಯಲ್ಲಿ, ಪುಸ್ತಕ ಇನ್ನೊಂದು ಕೈಯಲ್ಲಿ ಹಿಡಿದಿದ್ದಳು. ಊಟಕ್ಕೆ ಕೂತು ಉಪ್ಪಿಲ್ಲವೆಂದರು. ಅವಳು ಪುಟದಿಂದ ಕಣ್ಣೆತ್ತದೆ ಉಪ್ಪಿನ ಡಬ್ಬಿ ಮುಂದೆ ತಳ್ಳಿದಳು. ಉಪ್ಪು ಸರಿಯಾಗಿಯೇ ಇದ್ದುದರಿಂದ, ಹಾಕಿಕೊಂಡ ಮೇಲೆ ಊಟ ಬಾಯಿಗಿಡುವಂತಿರಲಿಲ್ಲ. ಆದರೂ ತಿಂದು, ಅವಳು ನೀರು ತರಲು ಎದ್ದಾಗ ಓದುತ್ತಿದ್ದ ಪುಸ್ತಕವನ್ನು ಗುರುತು ಹಾಕದೆ ಮುಚ್ಚಿಟ್ಟರು. ಅವಳು ಬಂದು ನೋಡಿ, ಪರವಾಗಿಲ್ಲ, ಹೇಗೂ ಕೊನೆಗೆ ಮದುವೆ ಆಗಿಯೇ ಆಗ್ತಾರೆ ಎಂದು ಇನ್ನೊಂದು ಕಡೆಯಿಂದ ಓದತೊಡಗಿದಳು. ಗುಮಾಸ್ತರು ದೇವರ ಮೇಲೆ ಭಾರ ಹಾಕಿ ಬಾಗಿಲ ಹತ್ತಿರ ಹೋಗಿ ನಿಂತು ಬ್ರಹ್ಮಾಸ್ತ್ರ ಬಿಟ್ಟರು.

“ಹೌದಾ?” ಹೆಂಡತಿಯ ಮುಖ ಅರಳಿತು. “ಅಮ್ಮಂಗೆ ಹೇಳ್ತೀನಿ. ಅಳಿಯಂದಿರು ನನ್ನ ಗಮನಿಸೋದೇ ಇಲ್ಲ ಅಂತಿದ್ಲು.”

ಮನೆಯಲ್ಲಿ ಬೆಳೆಯದ ಬೆಳೆಯನ್ನು ಹೊರಗಿಂದ ತರಬೇಕಷ್ಟೆ. ಕೆಳಗಿನ ಮನೆಯಲ್ಲಿ ದರ್ಜಿ ಮತ್ತು ದರ್ಜಿಯಮ್ಮ ದಿನಾ ಮಧ್ಯಾಹ್ನ ಹೊಲಿಗೆ ಯಂತ್ರದ ಸದ್ದನ್ನೂ ಮೀರಿಸಿ ಜಗಳವಾಡುತ್ತಿದ್ದರು. ಗುಮಾಸ್ತರು ತಮ್ಮ ಅಂಗಿಯ ಗುಂಡಿಯನ್ನು ತಾವೇ ಕಿತ್ತುಕೊಂಡು ಕೆಳಗಿಳಿದರು. ಅದೃಷ್ಟಕ್ಕೆ ಜಗಳ ಕಾವೇರಿತ್ತು. ಮೆಟ್ಟಿಲ ಮೇಲೆ ನಿಂತು ಕಿವಿ ಕೊಟ್ಟರು. ಆದರೆ ಅವರನ್ನು ಕಂಡದ್ದೇ ಇಬ್ಬರೂ ನಗುಮುಖ ತಂದುಕೊಂಡು, ಒಬ್ಬರು ಸ್ಟೂಲು ಹಾಕಿದರು, ಇನ್ನೊಬ್ಬರು ನೀರು ಕೊಟ್ಟರು.

“ನಿಲ್ಲಿಸಬೇಡಿ, ಮುಂದುವರಿಸಿ,” ಎಂದರು ಗುಮಾಸ್ತರು.

ತಮ್ಮ ಮನೆಯಲ್ಲಿ ಜಗಳ ಎಲ್ಲಿಯದು ಎಂದು ದರ್ಜಿ ಕೇಳಿದ. ತನ್ನ ಗಂಡ ಇವತ್ತಿನವರೆಗೆ ಒಂದು ಮಾತು ಏರಿಸಿದವನಲ್ಲ ಎಂದು ದರ್ಜಿಯಮ್ಮ ಸಾಕ್ಷಿ ಹೇಳಿದಳು. ವರ್ಷಗಳ ನಂತರ ಅವರಿಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದು ಅವತ್ತೇ. ಗುಮಾಸ್ತರು ಬಿಡಲಿಲ್ಲ. ಜಗಳವಾದ ಮೇಲೆ ಮೊದಲು ಮಾತಾಡುವವರು ಯಾರು, ಏನೆಂದು ಮಾತಾಡುತ್ತಾರೆ, ಹೆಂಡತಿ ಕೋಣೆಯ ಬಾಗಿಲು ಹಾಕಿಕೊಂಡರೆ ಗಂಡಸು ಎಲ್ಲಿ ಮಲಗುತ್ತಾನೆ ಎಂದು ಒಂದೊಂದಾಗಿ ವಿಚಾರಿಸಿದರು. ಕೇಳುತ್ತ ಕೇಳುತ್ತ ದರ್ಜಿಯಮ್ಮನ ಕಣ್ಣು ಕಿರಿದಾಯಿತು. ಗಂಡನ ಕೈಗೆ ಸೂಜಿ ಕೊಟ್ಟು, ಈಗ ಬಂದೆ ಎಂದು ಮೆಟ್ಟಿಲು ಹತ್ತಿದಳು. ಗುಂಡಿ ಹೊಲಿಸಿಕೊಂಡು ಗುಮಾಸ್ತರು ಮೇಲೆ ಬರುವ ಹೊತ್ತಿಗೆ ಅವಳ ಉಪದೇಶ ಮುಗಿಯುತ್ತ ಬಂದಿತ್ತು. ಮನೆ ಬಿಡುವ ಗಂಡಸರು ಮೊದಲು ಇಂಥದ್ದನ್ನೇ ಕೇಳ್ಕೊಂಡು ತಿರುಗ್ತಾರೆ ಕಣಮ್ಮ, ಹುಷಾರು ಎಂದು ಹೇಳಿ, ಗುಮಾಸ್ತರನ್ನು ತಲೆಯಿಂದ ಕಾಲವರೆಗೆ ನೋಡಿ ಇಳಿದುಹೋದಳು.

ಹೆಂಡತಿ ಪುಸ್ತಕ ಮುಚ್ಚಿಟ್ಟಿದ್ದಳು. ಏನು ವಿಷಯ ಎಂದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಗುಮಾಸ್ತರು ಎಲ್ಲವನ್ನೂ ಹೇಳಿದರು. ಅವಳು ಸಿಟ್ಟಾಗಲಿಲ್ಲ. ಅವಳಿಗೂ ಕುತೂಹಲವೇ ಆಯಿತು. ನಾಯಕಿ ಹೇಗಿದ್ದಾಳೆ ಎಂದು ಕೇಳಿದಳು, ನಾಯಕ ಅವಳಿಗೆ ಏನೇನು ಹೇಳುತ್ತಾನೆ ಎಂದು ಕೇಳಿದಳು. ಪ್ರಕಾಶಕಿಯೂ ಹೊಗಳಿದ್ದ ಒಂದೇ ಒಂದು ಸಾಲು ಗುಮಾಸ್ತರಿಗೆ ಬಾಯಿಪಾಠವಾಗಿತ್ತು. ‘ನೀನು ಒಳಗೆ ಓಡಾಡುವ ಸದ್ದು ಕೇಳಿಸಿದರೆ ಸಾಕು, ಹೊರಗಿನ ದಣಿವೆಲ್ಲ ಇಳಿದುಹೋಗುತ್ತದೆ’ ಎಂದು ಹೇಳಿ ತೋರಿಸಿದರು.

ಹೆಂಡತಿ ಮುಚ್ಚಿಟ್ಟ ಪುಸ್ತಕವನ್ನು ಪಕ್ಕಕ್ಕೆ ತಳ್ಳಿದಳು.

“ಇದನ್ನ ನನಗೆ ಒಂದು ದಿನ ಹೇಳಿದ್ರಾ?” ಎಂದಳು. “ಇಷ್ಟು ವರ್ಷ ನನಗೆ ಬರೀ ಹೂಂ, ನೋಡೋಣ. ಇವರಿಗೆ ಮಾತೇ ಬರಲ್ಲ ಪಾಪ ಅಂತ ನಾನು ಸಮಾಧಾನ ಮಾಡ್ಕೊಂಡು, ಮಾತಾಡೋ ಗಂಡಸರನ್ನ ಪುಸ್ತಕದಲ್ಲಿ ಹುಡುಕ್ತಾ ಕೂತಿದ್ದೀನಿ. ನೋಡಿದ್ರೆ ಮಾತೆಲ್ಲ ಇತ್ತು. ಕೂಡಿಟ್ಟು ಕೂಡಿಟ್ಟು ಹುಟ್ಟೇ ಇಲ್ಲದ ಹುಡುಗಿಗೆ ಕೊಟ್ಟಿದ್ದೀರಿ.”

ಗುಮಾಸ್ತರ ಎದೆಯೊಳಗೆ ಏನೋ ಚುಚ್ಚಿದ ಹಾಗಾಯಿತು. ಅದೇ ಗಳಿಗೆಯಲ್ಲಿ, ಆಹಾ, ಇದೇ ಅಲ್ಲವೇ ಜಗಳ ಎಂದೂ ಹೊಳೆಯಿತು. ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. “ಕೊನೇ ಮಾತು ಇನ್ನೊಂದ್ಸಲ ಹೇಳ್ತೀಯಾ?” ಎಂದು ಕೇಳಿಯೂ ಬಿಟ್ಟರು.

ಕೋಣೆಯ ಬಾಗಿಲು ಬಡಿದ ಸದ್ದಿಗೆ ಕೆಳಗೆ ಹೊಲಿಗೆ ಯಂತ್ರ ನಿಂತಿತು. ಗುಮಾಸ್ತರು ಹೊರಗೆ ನಿಂತು ಎಷ್ಟು ಬೇಡಿಕೊಂಡರೂ ಒಳಗಿನಿಂದ ಬಂದದ್ದು ಒಂದೇ ಉತ್ತರ, ಏನು ಹೇಳಿದರೂ ಬರ್ಕೋತೀರಿ, ನಾನು ಮಾತಾಡಲ್ಲ. ಜಗಳ ಸಿಕ್ಕಿತ್ತು, ರಾಜಿ ಕೋಣೆಯೊಳಗೆ ಸಿಕ್ಕಿಹಾಕಿಕೊಂಡಿತ್ತು.

ಹೊತ್ತು ಇಳಿಯುತ್ತಿತ್ತು. ಗುಮಾಸ್ತರು ಇದ್ದಷ್ಟನ್ನು ಬರೆದುಕೊಂಡು ಪ್ರಕಾಶಕಿಯ ಹತ್ತಿರ ಓಡಿದರು. ಆಕೆ ಓದಿದರು, ಇನ್ನೊಮ್ಮೆ ಓದಿದರು. ಇಷ್ಟು ವರ್ಷದಲ್ಲಿ ಇಂಥ ಜಗಳ ನೋಡಿಲ್ಲ, ಇದು ಖಂಡಿತ ನಿಮ್ಮ ಕೈಯ ಬರಹ ಅಲ್ಲ ಎಂದರು. ಹೆಂಡತಿಯ ಮಾತೆಂದು ಗುಮಾಸ್ತರು ಒಪ್ಪಿಕೊಂಡರು. ಹಾಗಾದರೆ ಮುಂದೆ ಅವಳು ಹೇಗೆ ಒಲಿದಳು, ಅದನ್ನು ಇಲ್ಲೇ ಕೂತು ಬರೆದುಕೊಡಿ ಎಂದು ಹಾಳೆ ಕೊಟ್ಟರು. ಗುಮಾಸ್ತರು ಪೆನ್ನು ಹಿಡಿದು ಕೂತರು. ಮುಚ್ಚಿದ ಬಾಗಿಲೇ ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೆ ಎದ್ದು, ತಮ್ಮ ಹಸ್ತಪ್ರತಿಯನ್ನು ಮೇಜಿನ ಮೇಲಿಂದ ಎತ್ತಿಕೊಂಡರು.

“ಬೇಡ ಮೇಡಂ. ಆ ಮಾತು ಅವಳು ನನಗೆ ಆಡಿದ್ದು. ಅದನ್ನ ಊರಿಗೆಲ್ಲ ಹಂಚೋಕೆ ನನಗೆ ಮನಸ್ಸಿಲ್ಲ. ಅವಳು ಬಾಗಿಲು ತೆಗೆದ್ರೆ ಸಾಕು, ನನಗೆ ಪುಸ್ತಕ ಬೇಡ.”

ಪ್ರಕಾಶಕಿ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಇನ್ನೊಂದು ಸಲ ಹೇಳಿ, ನಿಧಾನವಾಗಿ ಎಂದರು. ಇಷ್ಟು ದೊಡ್ಡ ವ್ಯಾಪಾರಸ್ಥೆಯ ಮನಸ್ಸೂ ಕರಗಿತಲ್ಲ ಎಂದು ಗುಮಾಸ್ತರು ನಿಧಾನವಾಗಿ ಹೇಳಿದರು. ಮೂಲೆಯಲ್ಲಿ ಟೈಪಿಸ್ಟ್ ತನ್ನ ಪಾಡಿಗೆ ಟೈಪು ಮಾಡುತ್ತಿದ್ದಳು.

ಮನೆಗೆ ಬರುವಾಗ ಗುಮಾಸ್ತರ ಕಾಲು ನೆಲದ ಮೇಲಿರಲಿಲ್ಲ. ಆದರೆ ಕೆಳಗಿನ ಬಾಗಿಲಲ್ಲೇ ದರ್ಜಿ ಕೈ ಕುಲುಕಿ ಅಭಿನಂದನೆ ಹೇಳಿದ. ಮೆಟ್ಟಿಲ ತುಂಬ ಅಕ್ಕಪಕ್ಕದವರು ನಿಂತಿದ್ದರು. ಬಾಗಿಲು ತೆರೆದೇ ಇತ್ತು, ಹೆಂಡತಿ ತಲೆ ಬಾಚಿಕೊಂಡು ನಗುತ್ತ ನಿಂತಿದ್ದಳು. ಕೋಣೆಯಲ್ಲಿ ಕೂತು ಯೋಚಿಸಿದೆ ಎಂದಳು. ತಾನು ಓದುವ ಪುಸ್ತಕ ಬರೆಯುವವರು ತನ್ನ ಮನೆಯಲ್ಲೇ ಇದ್ದಾರೆ, ತಾನು ಆಡಿದ ಮಾತು ಅಚ್ಚಾಗುತ್ತದೆ ಎಂದರೆ ಸಣ್ಣ ವಿಷಯವೇ? ದರ್ಜಿಯಮ್ಮನಿಗೆ ಹೇಳಿದ್ದಳು. ಅಮ್ಮನಿಗೆ ಫೋನ್ ಮಾಡಿದ್ದಳು. ಲೈಬ್ರರಿಗೆ ಹೋಗಿ ಎರಡು ಪ್ರತಿ ತರಿಸಿಡಲು ತಾಕೀತು ಮಾಡಿ ಬಂದಿದ್ದಳು.

ಪ್ರಕಾಶಕಿಯ ಮುಂದೆ ಧಾರಾಳವಾಗಿ ಬಂದಿದ್ದ ಮಾತಿನ ಬದಲು ಈಗ ಕಚೇರಿಯ ಭಾಷೆ ಬಂತು. “ಹಸ್ತಪ್ರತಿಯನ್ನ ವಾಪಸ್ ಪಡೆದಿದ್ದೇನೆ,” ಎಂದರು ಗುಮಾಸ್ತರು. “ನಿನಗೆ ಸಮಾಧಾನ ಆಗಲಿ ಅಂತ.”

“ನಾನು ಕೇಳಿದ್ನಾ?” ಎಂದಳು ಹೆಂಡತಿ. ಮೆಟ್ಟಿಲ ಮೇಲಿನವರು ಒಬ್ಬೊಬ್ಬರಾಗಿ ಇಳಿಯತೊಡಗಿದರು. ಇಂಥ ಹೊತ್ತಲ್ಲಿ ಎಲ್ಲಿಗೂ ಹೋಗದ ದರ್ಜಿಯಮ್ಮ ಮಾತ್ರ ಉಳಿದು, ಓಡಿ ಹೋಗಿ ಕೊಟ್ಟು ಬನ್ನಿ, ಇನ್ನೂ ಹೊತ್ತಿದೆ ಎಂದಳು.

ಗುಮಾಸ್ತರು ಓಡಿದರು. ಪ್ರಕಾಶಕಿ ಬೀಗ ಹಾಕುತ್ತಿದ್ದರು. ಪ್ರೆಸ್ಸಿಗೆ ಆಗಲೇ ಹೋಯಿತು ಎಂದರು. ಪ್ಲಾಸ್ಟರಿನ ಲೇಖಕಿ ಬೀಳುವ ಮೊದಲೇ ಕಾದಂಬರಿಯ ಬಹುಪಾಲು ಮುಗಿಸಿದ್ದರಂತೆ, ಕೊನೆಯ ಅಧ್ಯಾಯವೊಂದೇ ಹೊಳೆಯದೆ ನಿಂತಿತ್ತಂತೆ. ನೀವು ಹೋದ ಮೇಲೆ ಫೋನ್ ಮಾಡಿ ನಿಮ್ಮ ಸಂಗತಿ ಹೇಳಿದೆ, ಅರ್ಧ ಗಂಟೆಯಲ್ಲಿ ಫೋನಿನಲ್ಲೇ ಬರೆಸಿಬಿಟ್ಟರು ಎಂದರು. ಇಂಥ ಒಳ್ಳೆ ಮುಕ್ತಾಯ ಕೈಯಲ್ಲಿಟ್ಟುಕೊಂಡು ನೀವೇ ಯಾಕೆ ಬರೆಯಲಿಲ್ಲ ಎಂದು ಆಕೆ ನಿಜವಾಗಿಯೂ ಆಶ್ಚರ್ಯಪಟ್ಟರು.

ಮುಂದಿನ ತಿಂಗಳು ಲೈಬ್ರರಿಯಿಂದ ಹೊಸ ಪುಸ್ತಕ ಬಂತು. ಅಲ್ಲಿಯವರೆಗೆ ಹೆಂಡತಿ ಗುಮಾಸ್ತರ ಜೊತೆ ಆಡಿದ್ದು ಊಟಕ್ಕೆ ಬನ್ನಿ ಎಂಬ ಒಂದೇ ಮಾತು. ಆ ಸಂಜೆ ಅವರು ಮನೆಗೆ ಬಂದಾಗ ಅವಳು ಕೊನೆಯ ಪುಟ ತೆರೆದುಕೊಂಡು ಬಿಕ್ಕುತ್ತಿದ್ದಳು. ದೊಡ್ಡ ಚಿತ್ರಕಾರನೊಬ್ಬ ಹೆಂಡತಿಗೋಸ್ಕರ ಅವಳ ಮಾತನ್ನೇ ಹೆಸರಾಗಿಟ್ಟಿದ್ದ ತನ್ನ ಚಿತ್ರವನ್ನು ಪ್ರದರ್ಶನದಿಂದ ವಾಪಸ್ ತಂದುಬಿಡುತ್ತಾನಂತೆ.

“ಏನಂತಾನೆ ಕೇಳಿ,” ಎಂದು ಗಟ್ಟಿಯಾಗಿ ಓದಿದಳು. “‘ಆ ಮಾತು ಅವಳು ನನಗೆ ಆಡಿದ್ದು. ಅದನ್ನ ಊರಿಗೆಲ್ಲ ಹಂಚೋಕೆ ನನಗೆ ಮನಸ್ಸಿಲ್ಲ.’”

“ಅದು ನಾನು ಹೇಳಿದ್ದು,” ಎಂದರು ಗುಮಾಸ್ತರು.

ಹೆಂಡತಿ ಕಣ್ಣೊರೆಸಿಕೊಂಡಳು. ಆಮೇಲೆ ಪುಸ್ತಕವನ್ನು ಅವರ ಕೈಗಿಟ್ಟಳು.

“ಓದಿ. ಹೆಂಡತಿ ಹತ್ರ ಹೇಗೆ ಮಾತಾಡಬೇಕು ಅಂತ ಸ್ವಲ್ಪ ಕಲೀರಿ.”