ಗುಳ್ಳೆಗಳೆದ್ದ ಮಧ್ಯಾಹ್ನ

ಪರರ ಮಾತನ್ನು ಅನುಮಾನಿಸುವುದಕ್ಕೆ ವಿಶ್ವವಿದ್ಯಾಲಯ ನನಗೆ ಪದವಿ ಕೊಟ್ಟಿತು. ನನ್ನ ನೆನಪನ್ನು ಅನುಮಾನಿಸುವುದನ್ನು ಮಾತ್ರ ನಾನೇ ಕಲಿತೆ. ಬೀಗ ಹಾಕಿದೆನೇ ಎಂದು ಅರ್ಧ ದಾರಿಯಿಂದ ಪುಣೆಯ ಬಿಬವೇವಾಡಿಯ ಮನೆಗೆ ಹಿಂತಿರುಗುತ್ತೇನೆ. ಹಾಕಿರುತ್ತೇನೆ. ಮತ್ತೆ ಹೊರಟು ಹಡಪಸರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ, ಹೋಗಿ ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಶಂಕೆ ಹತ್ತುತ್ತದೆ.

ಆದರೆ ಒಂದು ಮಧ್ಯಾಹ್ನ ಮಾತ್ರ ಕಣ್ಣಿಗೆ ಕಟ್ಟಿದೆ. ನನ್ನ ಕೆಲಸ ನೀರನ್ನು ಒಡೆದು ಹೈಡ್ರೋಜನ್ ಇಂಧನ ತೆಗೆಯುವುದು. ವೇಗವರ್ಧಕ ಬಳಿದ ತಗಡನ್ನು ಪಾತ್ರೆಯ ನೀರಿನಲ್ಲಿಟ್ಟು, ತುಸು ಕರೆಂಟು ಕೊಟ್ಟು, ಉಳಿದದ್ದನ್ನು ಬಿಸಿಲಿಗೆ ಬಿಡುತ್ತೇವೆ. ಬಿಸಿಲು ತನ್ನ ಪಾಲಿನ ಕೆಲಸ ಮಾಡುವುದು ಅಪರೂಪ. ಮದುವೆಯಾದ ಹೊಸತರಲ್ಲಿ ಹೆಂಡತಿ ಸುಮಂಗಲಾ ಡಬ್ಬಿ ಹಿಡಿದು ಪ್ರಯೋಗಾಲಯದ ಟೆರೇಸಿಗೆ ಬಂದಿದ್ದಳು. ಇಬ್ಬರೂ ಕೂತು ಉಣ್ಣುವಾಗ ತಗಡಿನಿಂದ ಗುಳ್ಳೆಗಳೆದ್ದವು; ಒಂದೆರಡಲ್ಲ, ಕುದಿಯುವ ಎಸರಿನಂತೆ. ಅಳತೆ ಬರೆಯಬೇಕಾದ ಕೈಯಲ್ಲಿ ರೊಟ್ಟಿ ಇತ್ತು. ತೊಳೆದು ಬರುವಷ್ಟರಲ್ಲಿ ನಿಂತುಹೋದವು.

ಅಂದಿನಿಂದ ಅವುಗಳಿಗಾಗಿ ಹಂಬಲಿಸುತ್ತಿದ್ದೇನೆ. ಎಷ್ಟೋ ತಗಡು ಸವೆದವು. ಪ್ರಯೋಗ ಮರುಕಳಿಸಬೇಕಾದರೆ ಪರಿಸ್ಥಿತಿಯೆಲ್ಲ ಅದೇ ಇರಬೇಕೆಂಬುದು ನಮ್ಮ ವೃತ್ತಿಯ ನಿಯಮ. ಹೀಗಾಗಿ ಕಳೆದ ಭಾನುವಾರ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಸಮೇತ ಸುಮಂಗಲಾಳನ್ನು ಅಲ್ಲಿಗೆ ಕರೆದೊಯ್ದೆ. ಸೀರೆಯೂ ಅದೇ ಇರಲಿ ಅಂದಿದ್ದೆ. ಅದು ಕೌದಿಯಾಗಿ ವರ್ಷಗಳಾದವು, ಹೊದ್ದುಕೊಂಡು ಬರಲೇನು ಅಂದಳು.

ರಣಬಿಸಿಲು. ರೊಟ್ಟಿ ಮುಗಿಯಿತು. ಒಂದೇ ಒಂದು ಗುಳ್ಳೆ ಎದ್ದು, ಯೋಚಿಸಿ, ತಗಡಿಗೇ ಅಂಟಿಕೊಂಡಿತು. ಅವತ್ತು ಅಷ್ಟೆಲ್ಲ ಬಂದದ್ದಾದರೂ ನಿಜವೇ ಎಂದು ಹೆದರುತ್ತಲೇ ಕೇಳಿದೆ.

“ಬಂದಿದ್ವಲ್ರಿ, ಭಾಳ ಬಂದಿದ್ವು. ನಾನೂ ನೋಡೀನಿ.”

ಹೋದ ಜೀವ ಬಂತು. ಕೊನೆಗೂ ಒಬ್ಬ ಸಾಕ್ಷಿ! ಎಂಥ ಬಿಸಿಲಿತ್ತು ಅಲ್ಲವೇ ಅಂದೆ.

“ಬಿಸಲೆಲ್ಲಿತ್ರಿ? ಮೋಡ ಮುಚ್ಚಿ ಹನಿ ಬೀಳ್ತಿದ್ವು. ನಿಮ್ಮ ಆ ಪಾತ್ರೀಗೂ ಸೇರಿಸಿ ಒಂದ ಛತ್ರಿ ಹಿಡದಿದ್ದೆ. ಪಾತ್ರಿ ತೊಯ್ಯಲಿಲ್ಲ, ನೀವು ಅರ್ಧಾ ತೊಯ್ದಿದ್ರಿ.”

ಬಿಸಿಲಿಲ್ಲದಿದ್ದರೆ ಆ ಗುಳ್ಳೆಗಳೆಲ್ಲ ಬರೀ ಕರೆಂಟಿನ ಮಹಿಮೆ; ಸೂರ್ಯನೆಂದುಕೊಂಡು ಇಷ್ಟು ವರ್ಷ ನಾನು ಬೆನ್ನಟ್ಟಿದ್ದು ಗೋಡೆಯ ಪ್ಲಗ್ಗನ್ನು. ಸಾಕ್ಷಿಯನ್ನು ನಂಬಿದರೆ ಬಿಸಿಲು ಹೋಗುತ್ತದೆ, ನಂಬದಿದ್ದರೆ ಗುಳ್ಳೆಗಳೇ ಹೋಗುತ್ತವೆ. ವಿಚಿತ್ರವೆಂದರೆ, ಅವಳು ಹೇಳಿದ ಮೇಲೆ ಎಡ ಭುಜ ತಣ್ಣಗೆ ತೊಯ್ದದ್ದು ನನಗೂ ನೆನಪಾಗತೊಡಗಿತು. ಬಲ ಭುಜಕ್ಕೆ ಅವಳ ಭುಜ ತಾಗಿದ್ದೂ.

ಮೆಟ್ಟಿಲಿಳಿಯುವಾಗ ಮುಂದಿನ ಭಾನುವಾರವೂ ಬರೋಣವೇ ಎಂದೆ. ಛತ್ರಿ ತರಲೇನು ಎಂದಳು. ತಾ, ಆದರೆ ಒಂದೇ ತಾ ಅಂದೆ. ಬಿಸಿಲಿನಿಂದ ಇಂಧನ ತೆಗೆಯುವುದಕ್ಕೆ ಸಂಬಳ ತೆಗೆದುಕೊಳ್ಳುವ ನಾನು, ಅಂದಿನಿಂದ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಮೋಡಕ್ಕಾಗಿ ಆಕಾಶ ನೋಡುತ್ತಿದ್ದೇನೆ. ಬೀಗ ಹಾಕುವುದು ಮರೆತೇ ಹೋಗುತ್ತದೆ.