ದೋಣಿಗೆ ವಯಸ್ಸು ಬರಿಸಿದ್ದು

ನನ್ನ ಕೈಗೆ ಬಂದ ಯಾವ ವಸ್ತುವೂ ಬಹಳ ದಿನ ಹೊಸದಾಗಿ ಉಳಿದದ್ದಿಲ್ಲ. ಇದನ್ನು ಹೆಮ್ಮೆಯಿಂದ ಹೇಳಬೇಕೋ ನಾಚಿಕೆಯಿಂದ ಹೇಳಬೇಕೋ ಗೊತ್ತಾಗುತ್ತಿಲ್ಲ, ಸುಮ್ಮನೆ ಹೇಳಿಬಿಡುತ್ತೇನೆ. ಸ್ಟೀಲಿನ ತಟ್ಟೆ ನಾಲ್ಕು ದಿನಕ್ಕೆ ಮಂಕಾಗುತ್ತದೆ. ಮಿಕ್ಸರಿನ ಗುಂಡಿಯ ಸುತ್ತಲಿನ ಅಂಕೆಗಳು ತಿಂಗಳೊಳಗೆ ಅಳಿಸಿಹೋಗುತ್ತವೆ. ಹೊಸ ಸೀರೆ ಎರಡನೇ ಸಲ ಉಟ್ಟಾಗಲೇ ‘ಇದು ನಿಮ್ಮ ಆ ಹಳೇ ಸೀರೆ ಅಲ್ವಾ?’ ಎಂದು ಜನ ಕೇಳುತ್ತಾರೆ. ಮದುವೆಯ ದಿನ ಕಪ್ಪು ಕೂದಲಿದ್ದ ನಿಮ್ಮ ಅಜ್ಜ ಬೆಳ್ಳಗಾದದ್ದೂ ನನ್ನ ಕೈಗೆ ಬಂದ ಮೇಲೆಯೇ. ಹೀಗಿರುವಾಗ ಬೇಕೆಂದೇ ಒಂದು ವಸ್ತುವನ್ನು ಹಳತು ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ, ಇದೇನು ಮಹಾ ಎಂದುಕೊಂಡಿದ್ದೆ. ಆರು ತಿಂಗಳು ಒದ್ದಾಡಿದ ಮೇಲೆ ತಿಳಿಯಿತು, ತಾನಾಗಿ ಹಳತಾಗುವುದು ಬೇರೆ, ನಾವು ಹಳತು ಮಾಡುವುದು ಬೇರೆ.

ನಿಧಿ, ಓಂಕಾರ, ನಿಮ್ಮ ಮನೆಯಲ್ಲಿ ಟಿ.ವಿ.ಯ ಪಕ್ಕ ಗಾಜಿನ ಪೆಟ್ಟಿಗೆಯೊಳಗೆ ಒಂದೂವರೆ ಅಡಿ ಉದ್ದದ ಮರದ ದೋಣಿ ಕೂತಿದೆಯಲ್ಲ, ನಾನು ಹೇಳುತ್ತಿರುವುದು ಅದರ ಕತೆ. ಅದು ಆಟದ ಸಾಮಾನಲ್ಲ. ಉಡುಪಿಯ ಕಡೆ ನನ್ನ ತವರು ಹೊಳೆಯ ಈ ದಡದಲ್ಲಿ, ಶಾಲೆ ಮತ್ತು ಬಸ್ಸು ಆ ದಡದಲ್ಲಿ. ನಡುವೆ ಸೇತುವೆ ಇರಲಿಲ್ಲ, ಒಂದು ದೋಣಿ ಇತ್ತು. ಮೊಳೆಯಿಲ್ಲದೆ, ಹಲಗೆಗೆ ಹಲಗೆ ಸೇರಿಸಿ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದ ಕರಿಯ ದೋಣಿ. ನಾನು ಏಳನೇ ಕ್ಲಾಸು ಓದಿದ್ದು, ಆಮೇಲೆ ಹೊಲಿಗೆ ಕಲಿತದ್ದು, ಎಲ್ಲವೂ ಆ ದೋಣಿಯಲ್ಲಿ ಹೋಗಿ ಬಂದು. ಗಾಜಿನೊಳಗೆ ಇರುವುದು ಅದರ ಮರಿ.

ಮಾಡಿದವರು ನಿಮ್ಮ ಅಜ್ಜ. ಬೊಂಬಾಯಿ ಪಕ್ಕದ ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕಾರ್ಖಾನೆಗಳ ಬಡಾವಣೆಯ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಇಡೀ ಆಯುಷ್ಯ ಅಳತೆ ಹಿಡಿದವರು ಅವರು. ಕೂದಲಿನ ದಪ್ಪವನ್ನೂ ಅಳೆಯುವ ವರ್ನಿಯರ್ ಎಂಬ ಸಾಧನವೊಂದು ನಿವೃತ್ತಿಯ ಮೇಲೂ ಅವರ ಕಿಸೆ ಬಿಡಲಿಲ್ಲ. ನನ್ನ ದೋಸೆಯನ್ನು ಅದರ ಬಾಯಿಗೆ ಕೊಟ್ಟು ‘ನಿನ್ನೆಗಿಂತ ಅರ್ಧ ಮಿಲ್ಲಿಮೀಟರ್ ದಪ್ಪ’ ಎಂದು ವರದಿ ಒಪ್ಪಿಸಿದ ಮನುಷ್ಯ. ಒಂದು ದಿನ ಊರಿನಿಂದ ನನ್ನ ತಮ್ಮನ ಫೋನು ಬಂತು. ಸೇತುವೆ ಆಯಿತಂತೆ, ದೋಣಿಯನ್ನು ಮೇಲಕ್ಕೆಳೆದು ಸೌದೆಗೆ ಒಡೆದರಂತೆ. ನಾನು ಒಲೆಯ ಮೇಲಿನ ಸಾರು ಕದಡಿದೆ. ಇವರು ಮಾತ್ರ ಊಟದ ಮಧ್ಯೆ ಎದ್ದುಹೋಗಿ ನಮ್ಮ ಹಳೆಯ ಸಾಗುವಾನಿ ಮಂಚದ ಹಲಗೆ ಬಡಿದು ನೋಡಿದರು. ಮರುದಿನ ಮಂಚ ಬಿಚ್ಚಿದರು. ಅಲ್ಲಿಂದ ಎರಡು ವರ್ಷ ನಾವಿಬ್ಬರೂ ಚಾಪೆಯಲ್ಲಿ ಮಲಗಿದೆವು.

“ಆ ದೋಣಿ ಕಂಡರೆ ನಿಮಗೆ ಆಗುತ್ತಿರಲಿಲ್ಲ. ಈಗ ಎಂತದ್ದು ಪ್ರೀತಿ?” ಎಂದು ಕೇಳಿದೆ.

“ಆಗುವುದಿಲ್ಲ, ಈಗಲೂ ಆಗುವುದಿಲ್ಲ. ಹೆಣ್ಣು ನೋಡಲಿಕ್ಕೆಂದು ಬೊಂಬಾಯಿಯಲ್ಲಿ ತೆಗೆದುಕೊಂಡ ಬೂಟು ಅದು. ಆ ದೋಣಿ ಒಂದೇ ದಿನಕ್ಕೆ ನೀರು ಕುಡಿಸಿ ಹಾಳು ಮಾಡಿತು. ಆದರೆ ಅದಿಲ್ಲದಿದ್ದರೆ ನೀನು ಆಚೆ ದಡದಲ್ಲೇ ಇರುತ್ತಿದ್ದಿ ಮಾರಾಯ್ತಿ.”

ತೊಂದರೆ ಶುರುವಾದದ್ದು ಆಮೇಲೆ. ಇವರು ಆ ದೋಣಿ ಹತ್ತಿದ್ದು ಕೈಬೆರಳೆಣಿಕೆಯಷ್ಟು ಸಲ. ನೀರೆಂದರೆ ಜೀವಭಯ, ಕಣ್ಣುಮುಚ್ಚಿ ಅಂಚನ್ನು ಬಿಗಿಹಿಡಿದು ಕೂರುವವರು. ಹಾಗಾಗಿ ಅವರಿಗೆ ಗೊತ್ತಿದ್ದುದು ದಡದಿಂದ ಕಂಡ ಹೊರಮೈ ಮತ್ತು ಅಂಗೈಗೆ ಸಿಕ್ಕ ಅಂಚು. ನಾನು ವರ್ಷಗಟ್ಟಲೆ ದಿನಕ್ಕೆರಡು ಸಲ ಹತ್ತಿದವಳು, ಆದರೆ ತಲೆ ಎತ್ತಿದವಳಲ್ಲ. ನನಗೆ ಗೊತ್ತಿದ್ದುದು ದೋಣಿಯ ತಳ, ಅಲ್ಲಿ ನಿಂತ ನೀರು, ಊರವರ ಕಾಲುಗಳು. ಮುಂದಿನ ತುದಿ ಎಷ್ಟು ಚೂಪಿತ್ತು ಎಂದು ಇವರು ಕೇಳಿದರೆ, ಕಿರಾಣಿ ಅಂಗಡಿಯವರ ಹೆಬ್ಬೆರಳ ಉಗುರು ಒಡೆದಿತ್ತು ಎಂದು ನಾನು ಹೇಳುತ್ತಿದ್ದೆ. “ಗಂಡ ಹೆಂಡತಿ ಇಬ್ಬರನ್ನು ಸೇರಿಸಿದರೂ ಒಂದು ಪೂರ್ತಿ ದೋಣಿ ಆಗುವುದಿಲ್ಲ” ಎಂದು ಇವರು ವರ್ನಿಯರ್ ಎತ್ತಿಟ್ಟುಬಿಟ್ಟ ದಿನಗಳುಂಟು.

ಹೊಲಿಗೆ ನನ್ನದು. ಸೂಜಿಮೊನೆಯಷ್ಟು ಸಣ್ಣ ತೂತುಗಳನ್ನು ಇವರು ಕೊರೆದುಕೊಟ್ಟರು, ಬಾಗಿಲ ಮುಂದಿನ ಕಾಲೊರಸಿನಿಂದ ನಾರು ಕಿತ್ತು, ಹೊಸೆದು ನಾನು ಹೊಲಿದೆ. ಕಾಲೊರಸು ಬೋಳಾಯಿತು, ದೋಣಿ ಕೂಡಿತು. ಹೊಲಿಗೆ ಒಂದರಂತೆ ಒಂದಿಲ್ಲ ಎಂದು ಇವರ ತಕರಾರು. ನಿಜವಾದ ದೋಣಿಯಲ್ಲೂ ಇರಲಿಲ್ಲ, ಅದನ್ನು ಹೊಲಿದವರ ಬಳಿ ವರ್ನಿಯರ್ ಇರಲಿಲ್ಲ ಎಂದು ನನ್ನ ಉತ್ತರ. ನಾಚಿಕೆಯ ಹೆಂಗಸು ನಾನು, ಆದರೆ ಸೂಜಿ ಕೈಯಲ್ಲಿದ್ದರೆ ಸ್ವಲ್ಪ ಮಾತು ಬರುತ್ತದೆ.

ಕೊನೆಗೆ ಒಂದು ಸಂಜೆ ದೋಣಿಯನ್ನು ಮೇಜಿನ ಮೇಲಿಟ್ಟು ಇಬ್ಬರೂ ನೋಡಿದೆವು. ಅಳತೆ ಸರಿಯಿತ್ತು, ಆಕಾರ ಸರಿಯಿತ್ತು. ಇವರು ವರ್ನಿಯರನ್ನು ಕಿಸೆಗೆ ಸೇರಿಸಿ ಹೇಳಿದರು, “ಇದು ಹೊಸ ದೋಣಿ. ಇದಕ್ಕೆ ಇನ್ನೂ ಯಾರೂ ಹತ್ತಿಲ್ಲ. ಹಳತು ಮಾಡುವುದು ನಿನ್ನ ಕೆಲಸ, ಒಳಗಿನದ್ದೆಲ್ಲ ನಿನಗೇ ಗೊತ್ತಿರುವುದು. ಅದಿರಲಿ, ನೀನು ಎಲ್ಲಿ ಕೂರುತ್ತಿದ್ದಿ? ಅಲ್ಲಿ ಸ್ವಲ್ಪ ಸವೆಸುವಾ.” ನಾನು “ಎಲ್ಲಿಯೋ ಒಂದು ಕಡೆ” ಎಂದು ಹೇಳಿ ಹಾಲು ಉಕ್ಕುತ್ತದೆಂದು ಒಳಗೆ ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ಅವರು ಹೋದರು. ಎದೆನೋವು, ಎರಡು ದಿನದ ಆಸ್ಪತ್ರೆ, ಅಷ್ಟೇ. ನನ್ನನ್ನೂ ದೋಣಿಯನ್ನೂ ಮಗ ಸತೀಶ, ಅಂದರೆ ನಿಮ್ಮ ಅಪ್ಪ, ಘೋಡಬಂದರ್ ರಸ್ತೆಯ ನಿಮ್ಮ ಹದಿನಾಲ್ಕನೇ ಮಹಡಿಗೆ ಕರೆತಂದ.

ಇಲ್ಲಿಗೆ ಬಂದ ಮೇಲೆ ಹಳತು ಮಾಡಲು ಕೂತೆ. ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಮಷಿನ್ ಇರುವ ಸಣ್ಣ ಬಾಲ್ಕನಿ ನನ್ನ ಕಾರ್ಖಾನೆ. ಮೊದಲು ಚಹಾದ ಡಿಕಾಕ್ಷನ್ ಬಳಿದೆ. ದೋಣಿ ಹೋಟೆಲಿನ ಕುರ್ಚಿಯಂತೆ ಕೆಂಪಾಯಿತು. ಆಮೇಲೆ ತುಕ್ಕು ಹಿಡಿದ ಮೊಳೆಗಳನ್ನು ಹುಣಸೆನೀರಿನಲ್ಲಿ ವಾರವಿಡೀ ನೆನೆಹಾಕಿ ಆ ನೀರನ್ನು ಬಳಿದೆ. ಆಗ ಸಾಗುವಾನಿ ಕಪ್ಪಿಟ್ಟಿತು, ಹೊಳೆಯ ಕೆಸರಿನ ಬಣ್ಣವೇ ಬಂತು. ಮೈಗೆ ತಿಕ್ಕಲು ಬೂದಿ ಬೇಕಿತ್ತು. ಹದಿನಾಲ್ಕನೇ ಮಹಡಿಯಲ್ಲಿ ಬೂದಿ ಎಲ್ಲಿಂದ? ದೇವರ ಮುಂದೆ ದಿನಕ್ಕೆ ಆರು ಊದುಬತ್ತಿ ಹಚ್ಚಿದೆ. ನಿಮ್ಮ ಅಮ್ಮ ವೀಣಾ ಫೋನಿನಲ್ಲಿ ತನ್ನ ಬೆಂಗಳೂರಿನ ತಂಗಿಗೆ “ಅತ್ತೆಗೆ ಈಗ ಭಕ್ತಿ ಜಾಸ್ತಿ ಆಗಿದೆ ಕಣೇ, ಪಾಪ” ಎನ್ನುವುದು ಕೇಳಿಸಿತು. ನಾನು ತಿದ್ದಲಿಲ್ಲ.

ಊರಿನಲ್ಲಿ ದೋಣಿಗೆ ಬಳಿಯುವುದು ಗೇರೆಣ್ಣೆ, ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ. ತಮ್ಮನ ಮಗ ಬರುವಾಗ ಕೆಮ್ಮಿನ ಔಷಧದ ಬಾಟಲಿಯಲ್ಲಿ ಒಂದಿಷ್ಟು ತಂದುಕೊಟ್ಟ. ಅದು ಚರ್ಮವನ್ನು ಸುಡುತ್ತದೆ ಎಂಬುದು ಚೆನ್ನಾಗಿ ಗೊತ್ತಿದ್ದ ನಾನು ಬೆರಳಿನಲ್ಲೇ ಬಳಿದೆ. “ಏನತ್ತೆ ಇದು, ಬೆರಳೆಲ್ಲ ಹಿಂಗೆ ಸುಲಿದುಹೋಗಿದೆ!” ಎಂದು ವೀಣಾ ಚರ್ಮದ ಡಾಕ್ಟರರ ಬಳಿ ಎಳೆದುಕೊಂಡು ಹೋದಳು. ಅವರು ಬಟ್ಟೆಯ ಸಾಬೂನಿನ ಪುಡಿ ಬದಲಾಯಿತೇ ಎಂದು ಕೇಳಿದರು. ನಾನು ತಲೆಯಾಡಿಸಿದೆ. ಏನೂ ತಪ್ಪು ಮಾಡದ ಆ ಪುಡಿ ಅಂದೇ ನಿಮ್ಮ ಮನೆಯಿಂದ ಹೊರಬಿತ್ತು.

ಮನೆಗೆಲಸದ ಸುನಂದಾಬಾಯಿ ಪೊರಕೆ ಹಿಡಿದು ಬಂದಾಗಲೆಲ್ಲ “ಆಜೀ, ಹೋಡೀ ಕಿತೀ ಮಳಲೀಯ! ಘಾಸೂನ್ ದೇವೂ ಕಾ?” ಎಂದು ಮರಾಠಿಯಲ್ಲಿ ಮರುಗಿ, ಕೊಳೆ ತಿಕ್ಕಿಕೊಡಲು ಉಜ್ಜುವ ನಾರು ಎತ್ತಿಕೊಳ್ಳುವಳು. ನಾನು ದೋಣಿಗೆ ಅಡ್ಡ ಕೂರುವೆ. ಓಂಕಾರ, ನೀನೂ ಒಂದು ದಿನ ಬಂದು ನೋಡಿದೆ.

“ಅಜ್ಜಿ, ಪಹಲೇ ಅಚ್ಛಾ ಥಾ. ಗಂದಾ ಕ್ಯೂಂ ಕರ್ ರಹೀ ಹೋ?”

“ಗಂದಾ ಅಲ್ಲ ಮಗಾ, ಇದು ಕೊಳೆ ಅಲ್ಲ, ಹಳತು.”

“ಸೇಮ್ ಹೀ ತೋ ಹೈ, ಅಜ್ಜಿ.”

ಕೊನೆಗೆ ಎಲ್ಲ ಸರಿಯಾಯಿತು. ಒಂದು ಕೆಲಸ ಮಾತ್ರ ಬಹಳ ನಿಧಾನವಾಗಿ ಮಾಡಿದೆ. ಹಿಂದಿನ ಅಡ್ಡಹಲಗೆಯ ಮುಂದೆ, ತಳದಲ್ಲಿ, ಅಂಗೈಯ ಕಾಲುಭಾಗದಷ್ಟು ಜಾಗಕ್ಕೆ ದಿನಾ ಒಂದೊಂದು ಹನಿ ಆ ತುಕ್ಕಿನ ಹುಣಸೆನೀರು ಬಿಟ್ಟು, ಒಣಗಿಸಿ, ಮತ್ತೆ ಬಿಟ್ಟು, ನೀರು ನಿಂತು ನಿಂತು ಕಪ್ಪಾದ ಒಂದು ಕಲೆ ತಂದೆ. ಆ ಕಲೆ ಬಂದ ದಿನ ನನಗೆ ಹೊಳೆಯ ವಾಸನೆ ಬಂದಂತಾಯಿತು.

ನಿಮ್ಮ ಅಜ್ಜನ ವರ್ಷಾಂತದ ತಿಥಿಗೆ ಹತ್ತು ದಿನ ಇರುವಾಗ ದೋಣಿ ಕಾಣೆಯಾಯಿತು. ಕೇಳಲು ಬಾಯಿ ಬರಲಿಲ್ಲ. ಸುನಂದಾಬಾಯಿ ತಿಕ್ಕಲು ಒಯ್ದಳೋ, ಕಸಕ್ಕೆ ಹೋಯಿತೋ ಎಂದು ಮಷಿನ್ನಿನ ಹಿಂದೆ, ಮಂಚದ ಅಡಿ, ಕೊನೆಗೆ ಫ್ರಿಜ್ಜಿನೊಳಗೂ ನೋಡಿದೆ. ವರ್ಷಾಂತದ ಊಟ ಮುಗಿದ ಮೇಲೆ ಸತೀಶ ಎಲ್ಲರನ್ನೂ ಹಾಲಿಗೆ ಕರೆದು ಒಂದು ಬಟ್ಟೆ ಸರಿಸಿದ. ಗಾಜಿನ ಪೆಟ್ಟಿಗೆ, ಕೆಳಗೆ ಸಣ್ಣ ದೀಪ, ಒಳಗೆ, ಮರಳುಕಾಗದದಿಂದ ಉಜ್ಜಿಸಿ, ಕನ್ನಡಿಯಂತೆ ಪಾಲಿಶ್ ಹೊಡೆಸಿದ ದೋಣಿ. ನೆಂಟರು ಚಪ್ಪಾಳೆ ಹೊಡೆದರು.

“ಪಪ್ಪನ ದೋಣಿ ಬಾಲ್ಕನಿಯಲ್ಲಿ ಖರಾಬ್ ಆಗ್ತಾ ಇತ್ತು. ನಿಂಗೆ ನೋಡ್ಕೊಳ್ಳೋ ಮೂಡ್ ಇಲ್ಲಾಂತ ಗೊತ್ತಿತ್ತಮ್ಮ. ಕಾರ್ಪೆಂಟರ್ ಹತ್ರ ಹೇಳಿ ಒಳಗಿನ ದಾಗ್ ಎಲ್ಲ ತೆಗೆಸಿದೆ” ಎಂದ. ಅವನ ಕಣ್ಣು ತುಂಬಿತ್ತು. ಅಪ್ಪನ ಕೈಕೆಲಸವನ್ನು ಉಳಿಸಿಕೊಂಡೆ ಎಂಬ ಸಮಾಧಾನ ಆ ಮುಖದಲ್ಲಿ. ಆ ಮುಖಕ್ಕೆ “ಚಂದ ಉಂಟು ಮಗಾ” ಎಂದೆ. ಬಗ್ಗಿ ಒಳಗೆ ನೋಡಿದೆ. ಕಲೆ ಇರಲಿಲ್ಲ. ಮತ್ತೆ ಯಾರೂ ಹತ್ತದ ದೋಣಿ.

ಆ ಕಲೆ ಏನೆಂದು ಈಗ ಹೇಳುತ್ತೇನೆ. ನಮ್ಮ ದೋಣಿಯಲ್ಲಿ ಒಂದು ಪದ್ಧತಿಯಿತ್ತು. ಹೊಲಿಗೆಯ ಸಂದಿನಿಂದ ನೀರು ಒಳಗೆ ಬರುತ್ತಲೇ ಇರುತ್ತದೆ, ಹಿಂದಿನ ಹಲಗೆಯಲ್ಲಿ ಕೂತವರು ಅದನ್ನು ತೆಂಗಿನ ಕರಟದಲ್ಲಿ ಮೊಗೆದು ಹೊರಗೆ ಚೆಲ್ಲಬೇಕು. ನಾಚಿಕೆಯವಳಾದ್ದರಿಂದ ನಾನು ಯಾವಾಗಲೂ ಹಿಂದೆಯೇ, ಕರಟ ಯಾವಾಗಲೂ ನನ್ನ ಕೈಯಲ್ಲೇ. ನಿಮ್ಮ ಅಜ್ಜ ಹೆಣ್ಣು ನೋಡಲು ಬಂದ ದಿನ, ಹೊಲಿಗೆ ಕ್ಲಾಸು ಮುಗಿಸಿ ನಾನೂ ಅದೇ ದೋಣಿಯಲ್ಲಿದ್ದೆ. ಬಂದವರು ಯಾರೆಂದು ನನಗೆ ಗೊತ್ತಿಲ್ಲ, ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ನನಗೆ ಕಂಡದ್ದು ಎರಡು ಬೂಟು. ಕಂದು ಬಣ್ಣ, ಲಾಡಿ ಕಟ್ಟಿದ್ದು, ಮುಖ ಕಾಣುವಷ್ಟು ಹೊಳಪು. ನೀರು ಏರುತ್ತಿತ್ತು. ಮೊಗೆಯಬೇಕೆಂದರೆ ಕರಟವನ್ನು ಆ ಎರಡು ಬೂಟುಗಳ ನಡುವೆ ಇಡಬೇಕು. ಗುರುತಿಲ್ಲದ ಗಂಡಸಿನ ಕಾಲ ಹತ್ತಿರ ಕೈ ಹಾಕುವುದು ಹೇಗೆ? ಅವರೇ ಕಾಲೆತ್ತಲಿ ಎಂದು ಕಾದೆ. ಅವರು ಕಣ್ಣುಮುಚ್ಚಿ ಅಂಚು ಹಿಡಿದಿದ್ದರು. ನೀರು ಲಾಡಿಯವರೆಗೆ ಬಂತು, ಇಡ್ಲಿಗೆ ಅಕ್ಕಿ ನೆನೆದಂತೆ ಬೂಟು ನೆನೆಯಿತು. ನಾನು ಕರಟವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡೆ. ಅದೇ ಸಂಜೆ ಕಾಫಿ ತರುವಾಗ ನೋಡಿದರೆ ನಮ್ಮ ಜಗಲಿಯ ಮೆಟ್ಟಿಲ ಮೇಲೆ ಅದೇ ಬೂಟು, ಒಳಗೆ ಬೈಹುಲ್ಲು ತುರುಕಿ ಒಣಗಲು ಇಟ್ಟದ್ದು. ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗ ನಾನು ತಲೆಯಾಡಿಸಿದ್ದು, ನಿಜ ಹೇಳಬೇಕೆಂದರೆ, ಅರ್ಧ ಆ ಬೂಟಿನ ಮೇಲಿನ ಕನಿಕರಕ್ಕೆ.

ಉಳಿದ ಅರ್ಧಕ್ಕೆ ಕಾರಣ ಆಮೇಲೆ ಸಿಕ್ಕಿತು, ದಿನಾ ಸ್ವಲ್ಪ ಸ್ವಲ್ಪವಾಗಿ. ಆದರೆ ‘ಆ ದೋಣಿಯಲ್ಲಿ ನೀರು ಮೊಗೆಯುವವರಿಗೆ ಅಂದು ಏನು ಬಡಿದಿತ್ತೋ’ ಎಂದು ಅವರು ಜೀವನವಿಡೀ ಬೈದಾಗಲೆಲ್ಲ ನಾನು ‘ಹೌದು, ಎಂತಹ ಜನವೋ’ ಎಂದು ಅವರ ಜೊತೆ ಸೇರಿ ಬೈದೆ. ಎಲ್ಲಿ ಕೂರುತ್ತಿದ್ದಿ ಎಂದು ಅವರು ಕೇಳಿದ ಸಂಜೆ ಹೇಳಿದ್ದರೆ ಮೊದಲು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು, ಆಮೇಲೆ ಇಡೀ ಎಂಐಡಿಸಿಗೆ ಕೇಳುವಂತೆ ನಗುತ್ತಿದ್ದರು. ಆ ನಗು ನನ್ನದಾಗಬೇಕಿತ್ತು. ಇಲ್ಲದ ಹಾಲು ಇಳಿಸಲು ಓಡಿದೆ.

ಈಗಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ನೀವಿಬ್ಬರೂ ಶಾಲೆಗೆ, ನಿಮ್ಮ ಅಪ್ಪ ಅಮ್ಮ ಆಫೀಸಿಗೆ ಹೋದ ಮೇಲೆ ನಾನು ಗಾಜಿನ ಬಾಗಿಲು ತೆರೆಯುತ್ತೇನೆ. ಆ ಜಾಗದ ಪಾಲಿಶನ್ನು ಸೂಜಿಯ ಮೊನೆಯಲ್ಲಿ ಕೆರೆದು, ಹತ್ತಿಯ ಬತ್ತಿಯಿಂದ ಒಂದು ಹನಿ ಹುಣಸೆನೀರು ಇಟ್ಟು, ಬಾಗಿಲು ಹಾಕುತ್ತೇನೆ. ದಿನಕ್ಕೆ ಒಂದೇ ಹನಿ. ಮೊನ್ನೆ ಬಂದ ಸ್ನೇಹಿತರಿಗೆ ಸತೀಶ ದೋಣಿ ತೋರಿಸುತ್ತ, “ಅಸಲಿ ಸಾಗುವಾನಿ ನೋಡಿ, ಒಳಗಿಂದ ತಾನಾಗಿಯೇ ಡಾರ್ಕ್ ಆಗ್ತಾ ಬರುತ್ತೆ” ಎಂದು ವಿವರಿಸುತ್ತಿದ್ದ. ನಾನು ಚಹಾದ ಟ್ರೇ ಹಿಡಿದು, ತಲೆ ತಗ್ಗಿಸಿ, ಅವರ ಕಾಲುಗಳನ್ನು ನೋಡುತ್ತ ನಿಂತಿದ್ದೆ.

ಇದನ್ನೆಲ್ಲ ನಿಮಗಾಗಿ ಬರೆದೆ. ಇನ್ನು ಯಾರೂ ಅದಕ್ಕೆ ಪಾಲಿಶ್ ಹೊಡೆಸಬಾರದು, ಅದು ಕೊಳೆಯಲ್ಲ ಎಂದು ಯಾರಿಗಾದರೂ ಗೊತ್ತಿರಬೇಕು. ಧೈರ್ಯವಾಗಿ ಎಲ್ಲ ಹೇಳಿಕೊಂಡೆ ಎಂದು ನಿಮಗೆ ಅನ್ನಿಸಬಹುದು. ಆದರೆ ಮಕ್ಕಳೇ, ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಅಕ್ಷರ ಒಂದೂ ಬಾರದು. ನಿಮ್ಮ ಅಪ್ಪನಿಗೆ ಬಸ್ಸಿನ ಬೋರ್ಡು ಓದುವಷ್ಟು ಬರುತ್ತದೆ, ಅದೂ ಬಸ್ಸು ನಿಂತಿದ್ದರೆ. ವೀಣಾಳಿಗೆ ನನ್ನ ಕೋಳಿಕಾಲಿನ ಅಕ್ಷರ ನೋಡಿದರೆ ತಲೆನೋವು. ಇದೆಲ್ಲ ಗೊತ್ತಿದ್ದೇ ಬರೆಯಲು ಕೂತವಳು ನಾನು. ಒಂದು ದಿನ ಈ ಹಾಳೆಗಳನ್ನು ಹಿಡಿದುಕೊಂಡು “ಅಜ್ಜಿ, ಪಢ್ ಕೇ ಸುನಾವೋ ನಾ” ಎಂದು ನನ್ನ ಬಳಿಗೇ ಬರುತ್ತೀರಿ. ಕನ್ನಡಕ ಹಾಕಿಕೊಂಡು, ಮೊದಲಿನಿಂದ, ದೊಡ್ಡ ಸ್ವರದಲ್ಲಿ ಓದಿ ಹೇಳುತ್ತೇನೆ. ಬೂಟಿನ ಜಾಗ ಬಂದಾಗ ಮಾತ್ರ ಎರಡು ಹಾಳೆ ಒಟ್ಟಿಗೆ ಮಗುಚುತ್ತೇನೆ.